ಲೆಕ್ಕಕ್ಕುಂಟು

ಅಸುನ್ಸಿಯೋನಿನ ಮೂರನೇ ಮಹಡಿಯಲ್ಲಿ ನಮ್ಮ ಫ್ಯಾನು
ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು.
ಪರದೆಯ ಮೇಲೆ ಹದಿನಾಲ್ಕು ಸಾವಿರ ಸಾಲು:
ಶಾಲೆ, ಮಗು, ತರಗತಿ, ಅಂಕ, ಕುಡಿದ ಹಾಲು, ಕೊಟ್ಟ ಹಣ.
ಮೂರು ವಾರದಿಂದ ಮೊರದಲ್ಲಿ ಅಕ್ಕಿ ಆರಿಸಿದ ಹಾಗೆ
ಆರಿಸುತ್ತ ಕೂತಿದ್ದೇನೆ.
ಕಲ್ಲು ಸಿಕ್ಕಿದ್ದು ಮೊನ್ನೆ, ರಾತ್ರಿ ಎರಡಕ್ಕೆ.

ನದಿ ನಡುವಿನ ಒಂದು ದ್ವೀಪ.
ಮಕ್ಕಳು ಮುನ್ನೂರ ಹನ್ನೆರಡು. ಹಾಜರಿ ನೂರಕ್ಕೆ ನೂರು.
ಮೂರು ವರ್ಷ ಒಬ್ಬನಿಗೂ ಜ್ವರ ಬಂದಿಲ್ಲ,
ಒಬ್ಬಳ ಅಜ್ಜಿಯೂ ಸತ್ತಿಲ್ಲ,
ನೆರೆ ಬಂದ ವಾರವೂ ಅಷ್ಟೂ ಜನ ಬಂದು
ಹಾಲು ಕುಡಿದು, ಬಾಯಿ ಒರೆಸಿಕೊಂಡು ಹೋಗಿದ್ದಾರೆ.
ಇಷ್ಟೊಂದು ಆರೋಗ್ಯ ಕಂಡು ನನಗೆ ಭಯವಾಯಿತು.

"ಟೈಪಿಂಗ್ ತಪ್ಪಿರಬೇಕು, ನಿಮಿಯಾ," ಅಂದ ಸಂಪಾದಕ.
"ಪೆಟ್ರೋಲಿಗೆ ದುಡ್ಡೂ ಇಲ್ಲ."
ನಾನು ಬಸ್ಸು ಹಿಡಿದೆ.

ದೋಣಿಯ ಸಿರೀಲೊ ತಣ್ಣನೆಯ ತೆರೆರೆ ತುಂಬಿದ
ದನದ ಕೊಂಬು ನನ್ನತ್ತ ಚಾಚಿ ಕೇಳಿದ:
"ಶಾಲೆಯೇ? ಆ ದ್ವೀಪದಲ್ಲೇ?"
ದಡ ಮುಟ್ಟುವ ತನಕ ನಗುತ್ತಲೇ ಇದ್ದ.
ಹರಿಗೋಲಿಗೆ ದಾರಿ ಬಿಟ್ಟ ಅಂತರಗಂಗೆ
ನಮ್ಮ ಬೆನ್ನ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತಿತ್ತು,
ಯಾರೂ ಈ ಕಡೆ ಬರಲೇ ಇಲ್ಲವೆಂಬಂತೆ.

ಒಂದು ಕುದುರೆ.
ಬಾವುಟವಿಲ್ಲದ ಕಂಬ, ಅದರಿಂದ ಮರಕ್ಕೆ ಎಳೆದ ಹಗ್ಗ,
ಹಗ್ಗದ ಮೇಲೆ ಒಣಗುವ ಎರಡು ಅಂಗಿ.
ಮೀನು ಸೀಳುತ್ತ ಕುಕ್ಕರಗಾಲಲ್ಲಿ ಕೂತ ಹೆಂಗಸು,
ಪಕ್ಕದಲ್ಲಿ ಹತ್ತು ವರ್ಷದ ಹುಡುಗ.
ಹೆಸರು ಕೇಳಿದೆ. ದೆರ್ಲಿಸ್. ದೆರ್ಲಿಸ್ ರೋಲೋನ್.

ಕಾಗದ ಬಿಚ್ಚಿ ಬೆರಳಾಡಿಸಿದೆ.
ಇದ್ದ.
ನೂರಾ ಎಂಬತ್ತೆಂಟನೇ ಸಾಲಿನಲ್ಲಿ, ಅವನೇ, ಹುಟ್ಟಿದ ದಿನದ ಸಮೇತ.
ಸೊಳ್ಳೆಪರದೆ ಕೊಡಿಸುತ್ತೇನೆಂದು ಯಾರೋ ಬಂದು
ಬರೆದುಕೊಂಡು ಹೋಗಿದ್ದನಂತೆ. ಪರದೆ ಬರಲಿಲ್ಲ.

"ನಾನು ಎಷ್ಟನೇ ಕ್ಲಾಸು?" ಗುವರಾನಿಯಲ್ಲಿ ಕೇಳಿದ.
"ನಾಲ್ಕು."
"ಪಾಸಾ?"
"ಪಾಸು. ಗಣಿತದಲ್ಲಿ ಐದಕ್ಕೆ ಐದು."
ಒಂದೇ ಓಟ, ಅಮ್ಮನ ಹತ್ತಿರ.
ಅವಳು ಮೀನಿನ ಹೊಟ್ಟೆಯಿಂದ ಕೈ ತೆಗೆಯದೆ
ತಲೆಯೆತ್ತಿ ನನ್ನನ್ನು ನೋಡಿದಳು.
ಆ ನೋಟವನ್ನು ನಾನು ವರದಿಗೆ ಸೇರಿಸಲಿಲ್ಲ.

ತಿರುಗಿ ಬಂದವನು ಹೆಸರು ತೋರಿಸೆಂದ.
ಹುರುಪೆ ಅಂಟಿದ ಬೆರಳು ಕಾಗದದ ಮೇಲಿಟ್ಟು, "ಇದಾ?"
"ಅಲ್ಲ ಮರಿ. ಅದರ ಕೆಳಗಿನದು."

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು
ಚಿಕ್ಕವರನ್ನು ಸೇರಿಸಿಕೊಳ್ಳುವುದುಂಟು, ಅಳದಿರಲೆಂದು.
ಇವನನ್ನು ತಲೆಕೆಳಗಾಗಿ ಸೇರಿಸಿಕೊಂಡಿದ್ದರು.

ವರದಿ ಭಾನುವಾರ ಬಂತು, ಫುಟ್‌ಬಾಲ್ ಫೋಟೋದ ಕೆಳಗೆ.
ಸೋಮವಾರ ಇಲಾಖೆ ಅಂದಿತು: ತಾಂತ್ರಿಕ ದೋಷ.
ಹಾಲಿನ ಗುತ್ತಿಗೆದಾರ ಬೆನ್ನುನೋವಿಗೆ ಆಸ್ಪತ್ರೆ ಸೇರಿದ.
ಬುಧವಾರ ಹೊಸ ಕಡತ ಬಿಡುಗಡೆಯಾಯಿತು,
ತೊಳೆದಿಟ್ಟ ತಟ್ಟೆಯಂತೆ ಸ್ವಚ್ಛ,
ಮುನ್ನೂರ ಹನ್ನೆರಡು ಸಾಲು ಕಡಿಮೆ.

ಹುಡುಕಿದೆ: ರೋಲೋನ್, ದೆರ್ಲಿಸ್.
ಸೊನ್ನೆ.

ಕೇಕು ತಂದರು. ಗೆದ್ದೆವು ಅಂದರು. ಗೆದ್ದದ್ದು ನಿಜವೇ.
ಸುಳ್ಳೊಂದನ್ನು ಅಳಿಸಿದೆವು,
ಅದರೊಳಗೆ ವಾಸವಿದ್ದ ಹುಡುಗನನ್ನೂ ಕೂಡಿಸಿ.

ಹಳೆಯ ಕಡತವನ್ನು ಮೂರು ಕಡೆ ಉಳಿಸಿಟ್ಟಿದ್ದೇನೆ.
ಕೇಳಿದವರಿಗೆ ಹೇಳುತ್ತೇನೆ, ವಕೀಲರಿಗೆ ಬೇಕು ಅಂತ.

ನವೆಂಬರ್ ಕೊನೆಗೆ ಸಿರೀಲೊನ ಫೋನು.
ಗಾಳಿ, ನೀರು, ಇಂಜಿನ್ನು, ಎಲ್ಲ ಒಟ್ಟಿಗೆ ಕೇಳಿಸಿತು.
"ಸೆಞೋರಾ, ಇಲ್ಲಿ ಹುಡುಗ ಪ್ರಾಣ ತಿನ್ನುತ್ತಿದ್ದಾನೆ.
ಐದನೇ ಕ್ಲಾಸಿನ ರಿಸಲ್ಟು ಬಂತಾ?"