ರಾಜ ಹೊರಗಾದಳು

ಅಮ್ಮನಿಗೆ ಮೀಸೆ ಬರೆಯುವುದು ನನ್ನ ಕೆಲಸ,
ಒಂಬತ್ತು ವರ್ಷದಿಂದ, ಹುಬ್ಬು ತೀಡುವ ಕಡ್ಡಿಯಲ್ಲೇ.
ಎಡದ ತುದಿ ಸದಾ ಒಂಚೂರು ಮೇಲೆ.
‘ಹುಚ್ಚುರಾಜ ನಾನು, ನೆಟ್ಟಗಿದ್ದರೆ ಯಾರು ನಂಬುತ್ತಾರೆ’
ಅನ್ನುತ್ತಾಳೆ, ತುಟಿ ಅಲುಗದ ಹಾಗೆ.

ಇನ್ನೂರ ಹತ್ತು ದಿನಕ್ಕೊಮ್ಮೆ ನಮ್ಮೂರ ಗುಡಿಗೆ ಹುಟ್ಟುಹಬ್ಬ;
ಬಾಲಿಯ ದೇವರು ದಿನ ಎಣಿಸಿಕೊಂಡೇ ಇಳಿಯುವುದು.
ನಸುಕಿಗೇ ಗಂಡಸರು ಹಂದಿ ಕೊಚ್ಚಿದರು, ಕಾಯಿ ತುರಿದು ಕಲಸಿದರು.
ಹೆಂಗಸರು ತೆಂಗಿನ ಎಳೆಗರಿ ಸೀಳಿ ನೈವೇದ್ಯದ ಬುಟ್ಟಿ ಹೆಣೆದರು.
ಯಾರೂ ಹಂಚಿಕೊಟ್ಟಿರಲಿಲ್ಲ,
ಕೈಗಳೇ ತಮ್ಮ ತಮ್ಮ ಚಾವಡಿಗೆ ನಡೆದಿದ್ದವು.
ಅಮ್ಮ ನಲವತ್ತು ಬುಟ್ಟಿ ಮುಗಿಸಿ, ಬೆರಳು ಒರೆಸಿ,
ರಾಜನಾಗಲು ಕೂತಳು.

ಜರಿ ಪಂಚೆ. ಬೆನ್ನಿಗೆ ಅಜ್ಜನ ಡೊಂಕುಬಾಕು.
ಕಿವಿಯ ಮೇಲೆ ದೇವಕಣಗಿಲೆ.
ಮೀಸೆ ಅರ್ಧವಾಗಿತ್ತು,
ಎದ್ದು ಹಿತ್ತಲಿಗೆ ಹೋದಳು.
ಬಂದವಳು ಬಾಕು ಬಿಚ್ಚಿ ನನ್ನ ಮಡಿಲಿಗಿಟ್ಟಳು.
ಕೇಳುವುದೇನಿತ್ತು?
ರಾಜ ಹೊರಗಾದಳು.

ಮುಟ್ಟಬಹುದು, ಉಣ್ಣಬಹುದು, ಅಡುಗೆಯೂ ಮಾಡಬಹುದು,
ಗುಡಿಯ ಹೊಸ್ತಿಲೊಂದನ್ನು ಬಿಟ್ಟು.
ಅಲ್ಲಿ ಹಲಗೆಯೇ ಇದೆ, ಪ್ರವಾಸಿಗಳಿಗೂ ತಿಳಿಯಲೆಂದು ಮೂರು ಭಾಷೆಯಲ್ಲಿ.
ಬರೆದವನು ನಮ್ಮ ಗೆಜೆರ್ ಮಾವ.
ಇವತ್ತು ಅವನದು ಪೆದ್ದು ರಾಜಕುಮಾರಿಯ ಪಾತ್ರ;
ಎದೆಗೆ ಎರಡು ಚಿಪ್ಪು ಕಟ್ಟಿಕೊಂಡು
ಅದೇ ಹಲಗೆಯ ಪಕ್ಕ ಸೊಂಟ ತಿರುವುತ್ತ ಒಳಗೆ ಹೋದ.

ಸ್ಕೂಟರುಗಳ ನಡುವೆ ಅಮ್ಮ ನನ್ನ ಗಲ್ಲ ಹಿಡಿದಳು.
ಕನ್ನಡಿಯೊಂದನ್ನು ನನ್ನತ್ತ ತಿರುಗಿಸಿದಳು.
ಕಡ್ಡಿ ತಣ್ಣಗಿತ್ತು.
‘ಹಾಡು ಬರಲ್ಲ ನಂಗೆ.’
‘ಬಾಯಿ ಆಡಿಸು, ಸಾಕು.’

ಮೈಕಿನಲ್ಲಿ ಇನ್ನೂ ಅವಳದೇ ಹೆಸರು:
ರಾಜನ ಪಾತ್ರದಲ್ಲಿ ನಿ ಲುಹ್ ರೆಂತ್ರಿ.
ಗಾಮೆಲಾನಿನ ಕಂಚು ಮೊಳಗಿತು, ಪರದೆ ಸರಿಯಿತು,
ನಾನು ಬಾಯಿ ತೆರೆದೆ.
ದನಿ ಬಂದದ್ದು ಗೋಡೆಯ ಆಚೆಯಿಂದ,
ಅರ್ಧ ಉಸಿರು ತಡವಾಗಿ.
ಮದ್ದಳೆಯವನು ಒಮ್ಮೆ ಗೋಡೆಯನ್ನು ನೋಡಿದ,
ತಲೆ ತಗ್ಗಿಸಿ, ಲಯವನ್ನು ಅಷ್ಟೇ ಹಿಂದಕ್ಕೆ ಎಳೆದುಕೊಂಡ.
ಅರ್ಚಕರು ಹೂವು ಆರಿಸುತ್ತಿದ್ದರು. ಆರಿಸುತ್ತಲೇ ಇದ್ದರು.

ಮಾವ ಮಾತ್ರ ಬಿಡಲಿಲ್ಲ. ಚಿಪ್ಪು ಸರಿಮಾಡಿಕೊಂಡು ಮಂಡಿಯೂರಿದ:
‘ಮಹಾಪ್ರಭು, ಗಂಟಲನ್ನು ಎಲ್ಲಿ ಬಿಟ್ಟು ಬಂದಿರಿ?’
ಜನ ಗೊಳ್ಳೆಂದರು.
ನನಗೆ ಮಾತು ಹೊಳೆಯಲಿಲ್ಲ.
ಗೋಡೆಗೆ ಹೊಳೆಯಿತು:
‘ನೀನು ಹಲಗೆ ನೆಟ್ಟ ಕಡೆ ನೋಡು, ರಾಜಕುಮಾರಿ!’
ನಗು ಇನ್ನೂ ಜೋರಾಯಿತು, ಆಮೇಲೆ ಒಂದು ಕಡೆಯಿಂದ ಇಳಿಯಿತು.
ಹೆಂಗಸರ ಕಡೆ ಇಳಿಯಲಿಲ್ಲ.

ಮನೆ ಸೇರಿದಾಗ ನಡುರಾತ್ರಿ.
ಎಣ್ಣೆ ಹಚ್ಚಿ ನನ್ನ ಮೀಸೆ ಒರೆಸಿದಳು ಅಮ್ಮ, ಉಜ್ಜಿ ಉಜ್ಜಿ.
ಅವಳ ಮುಖದಲ್ಲಿ ಬೆಳಗಿನದು ಹಾಗೇ ಇತ್ತು,
ಎಡಗಡೆಯ ಅರ್ಧ,
ತುದಿ ಒಂಚೂರು ಮೇಲೆ.