ಎಂಟನೇ ರೀಲು

ಒಂದಽ ಪ್ರಿಂಟು, ಎರಡು ಟಾಕೀಸು.
ಹುಬ್ಬಳ್ಳಿಯಾಗ ಇಂಟರ್ವಲ್ ಗಂಟಿ ಹೊಡದ
ಮುಕ್ಕಾಲು ತಾಸಿಗೆ ಧಾರವಾಡದಾಗ ಟೈಟಲ್ ಬೀಳಬೇಕು.
ನಡುವ ನಾನು, ದಾವಲಸಾಬ,
ಲೂನಾದ ಬೆನ್ನಿಗೆ ಹಗ್ಗ ಬಿಗಿದ ತಗಡಿನ ಡಬ್ಬಿ.
ಉಣಕಲ್ಲು, ಭೈರಿದೇವರಕೊಪ್ಪ, ನವನಗರ, ರಾಯಾಪುರ,
ಏರು ಬಂದಲ್ಲೆಲ್ಲಾ ಪೆಡಲ್ ತುಳಕೋತ.
ಬೈಸಿಕೊಳ್ಳೂದು ಎರಡೂ ಊರಾಗ.

ಆ ವರ್ಷ ಬಂದ ಪಿಚ್ಚರು
ಗಂಡ ಹೆಂಡತಿ ಜಗಳದ್ದು, ನಡುವ ಒಂದು ಕೂಸು.
ಹೆಂಗಸ್ರು ಸೆರಗು ಒದ್ದಿ ಮಾಡಿಕೊಂಡು ಹೊರಗ ಬರ್ತಿದ್ರು,
ಗಂಡಸ್ರು ಬೀಡಿ ಹಚ್ಚೂದು ಮರತು ನಿಲ್ಲತಿದ್ರು.
ನಾ ಅಷ್ಟು ಇಷ್ಟು ನೋಡಿದ್ನಿ, ತುಣುಕು ತುಣುಕು.
ಎಂಟನೇ ರೀಲು ಮಾತ್ರ ಇಲ್ಲ.
ಅದು ಎಲ್ಲೇ ಓಡಲಿ, ಆವಾಗ ನಾ ರಸ್ತೆದಾಗ.

ಧಾರವಾಡದಾಗ ಡಬ್ಬಿ ಇಳಸೂಮುಂದ ಆ ಹುಡುಗಿನ್ನ ಕಂಡ್ನಿ.
ಕಿಸೆ ತುಂಬ ನವಲೂರ ಪೇರಲ ತುಂಬಿಕೊಂಡು
ಅವರಪ್ಪ ಕರಕೊಂಡು ಬಂದಿದ್ದ, "ನೀಲಾ" ಅಂತಿದ್ದ.
ಪರದೆ ಮ್ಯಾಲಿನ ಅಪ್ಪ ಊಟದ ತಾಟು ಒಗದ ಕೂಡ್ಲೆ
ಈ ಅಪ್ಪ ಎದ್ದ. ಗಂಟಿಗೂ ಕಾಯಲಿಲ್ಲ.
ಹುಡುಗಿ ಹಿಂದ ನೋಡಿಕೋತ ಹೋತು,
ಕೈಯಾಗ ಅರ್ಧ ಕಡದ ಪೇರಲ.

ಮುಂದಿನ ಐತವಾರ ಹುಬ್ಬಳ್ಳಿ. ಅದಽ ಹುಡುಗಿ.
ಈಗ "ಅಂಬೀ" ಅಂತ ಕರಿಯಾಕಿ ಅವರವ್ವ,
ದವಾಖಾನಿ ಡ್ಯೂಟಿ ಸೀರಿ ಇನ್ನೂ ಮೈಮ್ಯಾಲ.
"ಪಿಚ್ಚರ್ ಸುದ್ದಾ ಅರ್ಧಾ ತೋರಿಸಿ ಕಳಸ್ಯಾನ!
ಉಳಿದದ್ದು ನಾ ತೋರಸ್ತೇನಿ, ನಡಿ."
ಅರ್ಧಾ ಟಿಕೀಟ್ ಇಲ್ಲಂದ್ರ
ಪೂರ್ತಿ ರೊಕ್ಕ ಒಗದು ಕತ್ತಲಾಗ ಹೋದ್ರಂತ.
ಇದು ಗೇಟಿನ ಫಕೀರಗೌಡ ಹೇಳಿದ್ದು.
ಹೊತ್ತಾಗಿತ್ತು. ಒಂಬತ್ತನೇ ರೀಲು ಏರಿತ್ತು.

ಪಿಚ್ಚರ್ ಬಿಟ್ಟ ಮ್ಯಾಲ ನಾ ಡಬ್ಬಿ ಬಿಗೀತಿದ್ನಿ.
ಅವ್ವ ಸೋಡಾ ಅಂಗಡ್ಯಾಗ. ಹುಡುಗಿ ಲೂನಾದ ಹತ್ರ.
"ನಿನ್ನ ಹೆಸರೇನವಾ, ನೀಲಾನೋ ಅಂಬಿನೋ?"
"ನೀಲಾಂಬಿಕಾ," ಅಂತು, ಸಾಲ್ಯಾಗ ಹಾಜರಿ ಹೇಳಿದಂಗ.
ಆಮ್ಯಾಲ ಸಣ್ಣ ದನೀಲೆ:
"ಕಾಕಾ, ಯಾರ ಕೂಡ ಇರ್ತೀ ಅಂತ ಜಡ್ಜ್ ಕೇಳಿದಾಗ
ಆ ಹುಡುಗಿ ಏನಂತ ಹೇಳ್ತು?
ನನ್ನೂ ಕೇಳ್ತಾರಂತ. ಬರೂ ತಾರೀಖಿಗೆ."

ಆಪರೇಟರನ್ನ ಕೇಳಿದ್ನಿ. "ನಾ ಕಾರ್ಬನ್ ಉರಿ ನೋಡಾಂವ,
ಪಿಚ್ಚರ್ ಅಲ್ಲ," ಅಂದ.
ಫಕೀರಗೌಡ ಆ ಹೊತ್ತಿಗೆ ಚಾಕ್ಕ ಹೋಗಿರ್ತಾನ.
ನೋಡಿದವರನ್ನ ಕೇಳಿದ್ರ
ಗಂಡಸ್ರು "ಅಪ್ಪ ಅಂತೈತಿ" ಅಂದ್ರು,
ಹೆಂಗಸ್ರು ಅವ್ವ.

ರಾತ್ರಿ ಫೇರಿ. ನವನಗರದ ಟ್ಯೂಬ್‌ಲೈಟಿನ ಕೆಳಗ
ಡಬ್ಬಿ ಬಿಚ್ಚಿದ್ನಿ. ಮಾಲೀಕಗ ತಿಳದಿದ್ರ ಕೆಲಸ ಹೋಗ್ತಿತ್ತು.
ಮೊಳ ಮೊಳ ಎಳೆದು ಬೆಳಕಿಗೆ ಹಿಡದ್ನಿ:
ಜಡ್ಜನ ಚಸ್ಮಾ, ಚಸ್ಮಾ, ಚಸ್ಮಾ,
ತಲಿಮ್ಯಾಲಿನ ಫ್ಯಾನು,
ಉಗುರಿನಷ್ಟು ಹುಡುಗಿ, ಬಾಯಿ ಮುಚ್ಚೇತಿ,
ಮುಚ್ಚೇತಿ, ಒಂದೀಟು ತೆರದೈತಿ, ತೆರದೈತಿ.
ಅಂಚಿಗೆ ದನಿಯ ಗೆರಿ, ಇರಿವಿ ಸಾಲಿನಂಗ ತೆಳ್ಳಗ ಬಂದಿದ್ದು
ಅಲ್ಲೆ ಎರಡು ಸಲ ಉಬ್ಬಿ ಇಳದಿತ್ತು.
ಓದಾಕ ಬರೂ ಗೆರಿ ಅಲ್ಲ ಅದು.
ಹುಳ ಲೈಟಿಗೆ ಬಡೀತಿದ್ವು. ಸುತ್ತಿ ಇಟ್ನಿ.

ಮತ್ತ ಐತವಾರ. ಟಾಕೀಸಿನ ಮುಂದ ಬಸ್‌ಸ್ಟಾಪ್,
ಹುಡುಗಿಯ ಹೆಗಲಿಗೆ ಅರಿವಿ ಚೀಲ,
ಅವ್ವನ ಕಣ್ಣು ಧಾರವಾಡ ಬಸ್ಸಿನ ಕಡೆ.
"ಏನೋ ಅಂದೈತಿ ಆ ಕೂಸು," ಅಂದ್ನಿ. "ಸಣ್ಣ ಮಾತು.
ಎರಡಕ್ಷರದ್ದು ಇರಬೇಕು."
ಹುಡುಗಿ ಬೆರಳು ಮಡಚಿತು.
ಅಪ್ಪ. ಅವ್ವ.
ಇನ್ನೂ ಸ್ವಲ್ಪ ಹೊತ್ತು ಬೆರಳು ನೋಡಿ ಕೇಳ್ತು:
"ಒಲ್ಲೆ ಅಂದ್ರೂ ಎರಡಽ ಅಲ್ಲೇನು, ಕಾಕಾ?"

ಲೂನಾ ಚಾಲೂ ಆಗಲಿಲ್ಲ ಅವತ್ತು. ಪ್ಲಗ್ ಒರಿಸಿದ್ನಿ, ಊದಿದ್ನಿ.
ಮುಟ್ಟೂದು ಇಪ್ಪತ್ತು ನಿಮಿಷ ತಡ.
ಧಾರವಾಡದ ಮಂದಿ ಶಿಳ್ಳೆ ಹೊಡದು ಕುರ್ಚಿ ಬಡೀತಿದ್ರು,
ಖಾಲಿ ಬಿಳೀ ಪರದೆ ಮುಂದ,
ಎಂಟನೇ ರೀಲು ಎಲ್ಲೈತ್ಲೇ ಅಂತ.