ನೀರಾಗ ಬ್ರೇಕ್ ಇಲ್ಲ

ಕಬ್ಬಿನ ಟ್ರೇಲರಿನ್ಯಾಗ ಬಂತು ಅದು,
ಮೈತುಂಬ ರವದಿ.
ರಿಸಾರ್ಟಿನ ಹಿತ್ತಲದಾಗ ಹನ್ನೊಂದು ವರ್ಷ
ಬೋರಲ ಬಿದ್ದ ನೀರಿನ ಸ್ಕೂಟರು.
ಹಳದಿ ಬಣ್ಣ ಹಳೇ ಮಜ್ಜಿಗಿ ಆಗಿತ್ತು.
"ಹರಾಜಿನ್ಯಾಗ ಸಿಕ್ತು ಯಂಕಣ್ಣ,
ಒಂದು ಎಮ್ಮಿ ರೊಕ್ಕಕ್ಕ" ಅಂದ ಗುತ್ತಿಗೆದಾರ ಸಂಗನಬಸು.
ಎಮ್ಮಿ ಆದ್ರ ಹಾಲರ ಕೊಡ್ತಿತ್ತು, ಅನ್ನಲಿಲ್ಲ ನಾನು.
ಗಿರಾಕಿ.

ಸೀಟು ಎತ್ತಿದರ
ಕಣಜದ ಗೂಡು ಮೂರು,
ಮಡಚಿಟ್ಟ ಸೀರಿಯಂಥ ಹಾವಿನ ಪೊರಿ,
ಯಾವುದೋ ಕೂಸಿನ ಒಂಟಿ ಚಪ್ಪಲಿ.
ಚಪ್ಪಲಿ ತೊಳದು ಕಿಟಕ್ಯಾಗ ಇಟ್ಟೆ.
ಯಾಕಂತ ಕೇಳಬ್ಯಾಡ್ರಿ.

ನವನಗರದಾಗ ಗ್ಯಾರೇಜು,
ಮೂವತ್ತು ವರ್ಷ ನೆಲದ ಗಾಡಿ ಬಿಚ್ಚಿದ ಕೈ.
ಎರಡೂ ಪಿಸ್ಟನ್ ಬಿಗದು ಕುಂತಿದ್ದವು
ಮಾತು ಬಿಟ್ಟ ಅಣ್ಣತಮ್ಮರಂಗ.
ಪ್ಲಗ್ಗಿನ ತೂತಿನ್ಯಾಗ ಡೀಸೆಲ್ ಸುರುವಿದೆ.
ದಿನಾ ಮುಂಜಾನಿ ಪಾನಾ ಹಚ್ಚೂದು ನಾನು,
ಒಲ್ಲೆ ಅನ್ನೂದು ಅದು,
ಚಾ ಕುಡಿಯೂದು ಮತ್ತ ನಾನು.
ಐದನೇ ದಿನ
ಕೂದಲೆಳಿಯಷ್ಟು ಅಳ್ಳಾಡ್ತು.
ಅವತ್ತ ಎರಡು ಚಾ.

ಹೊಟ್ಟಿ ಬಿಚ್ಚಿದಾಗ ನಕ್ಕುಬಿಟ್ಟೆ:
ಒಳಗಿದ್ದದ್ದು ಪಂಪಸೆಟ್ಟು!
ಹೊಲದಾಗ ಪಂಪು ನಿಂತಿರತೈತಿ, ನೀರು ಓಡತೈತಿ;
ಇಲ್ಲಿ ನೀರು ನಿಂತಿರತೈತಿ, ಪಂಪು ಓಡತೈತಿ.
ಅಷ್ಟ.
ಅಷ್ಟಕ್ಕ ಜಪಾನಿನವರು
ಎಷ್ಟು ಚಂದ ಮೂತಿ ಹಚ್ಯಾರ ನೋಡ್ರಿ.

ಒಡದ ಆ ಮೂತಿ ಕಟ್ಟಿದಾಂವ ನಬಿಸಾಬ,
ಟ್ರಾವೆಲ್ಸ್ ಬಸ್ಸಿನ ಗುದ್ದಿದ ಹಣಿ ತಿದ್ದೋ ಮನಷ್ಯಾ.
ಮುಂಗೈಗೆ ಕಟಗೊಳ್ಳೋ ಹಗ್ಗ ಮಾತ್ರ ಕಳದಿತ್ತು.
ಸವಾರ ಬಿದ್ದರ ಅದು ಕಿತ್ತು ಬಂದು
ಎಂಜಿನ್ ಸಾಯಬೇಕು.
ತಂಗಿ ಮಗಳು ಕಸ್ತೂರಿ, ಒಂಬತ್ತನೇತ್ತೆ,
ಸಾಲಿ ರಿಬ್ಬನ್ ಬಿಚ್ಚಿ ಕೊಟ್ಟಳು, ಕೆಂಪು.
ಹಲ್ಲುಜ್ಜೋ ಬ್ರಶ್ಶಿನ ಹಿಡಿ ಕೊರದು ಕ್ಲಿಪ್ಪು ಮಾಡಿದೆ.

ಅದರ ಪುಸ್ತಕ ಓದಿದಾಕಿನೂ ಆಕಿನ.
"ಮಾಮಾ, ಇದಕ್ಕ ಬ್ರೇಕ್ ಇಲ್ಲ."
ಇರಲಿ.
"ಇನ್ನೊಂದು. ಎಕ್ಸಲೇಟರ್ ಬಿಟ್ಟರ
ಹ್ಯಾಂಡಲ್ ಮಾತು ಕೇಳೂದಿಲ್ಲಂತ.
ಮುಂದ ಏನರ ಬಂದ್ರ, ತಪ್ಪಿಸಬೇಕಂದ್ರ,
ಇನ್ನೂ ಜೋರು ಕೊಡಬೇಕಂತ."
ಅಚ್ಚಿನ ತಪ್ಪು, ಅಂದೆ.

ಘಟಪ್ರಭಾದ ಹಿನ್ನೀರು.
ಸಂಗನಬಸು ಬಿಳಿ ಅಂಗಿ ಹಾಕ್ಕೊಂಡು ಬಂದಿದ್ದ,
"ನೀನ ಮೊದಲ ನೋಡು" ಅಂದ.
ನೀಲಿ ಹೊಗಿ ಎದ್ದಿತು, ಬೆಳ್ಳಕ್ಕಿ ಎದ್ದವು,
ಐವತ್ತೆರಡರ ನನ್ನ ಮೈಯೂ ಎದ್ದಿತು.
ಏನು ಹೇಳಲಿ?
ತೆಗ್ಗಿಲ್ಲ, ಹಂಪಿಲ್ಲ,
ಎದುರಿಗೆ ದೀಪ ಇಲ್ಲದ ಟ್ರ್ಯಾಕ್ಟರಿಲ್ಲ.

ಆವಾಗ ಕಂಡವು ಥರ್ಮಾಕೋಲ್ ತುಂಡು, ಸಾಲಹಿಡದು:
ಪರಸಪ್ಪನ ಬಲಿ.
ಮೂವತ್ತು ವರ್ಷದ ಕೈ
ಮೂವತ್ತು ವರ್ಷದ ಬುದ್ಧಿ ಮಾಡಿತು.
ಬಿಟ್ಟಿತು.
ಎಡಕ್ಕ ತಿರುವಿದೆ, ಬಲಕ್ಕ ತಿರುವಿದೆ,
ಅದು ನೆಟ್ಟಗ,
ಸಿಟ್ಟಿಗೆದ್ದು ಹೊಂಟ ಅಳಿಯನಂಗ ನೆಟ್ಟಗ,
ಬಲಿಯೊಳಗ.

ಬಿದ್ದೆ. ರಿಬ್ಬನ್ ಜಗ್ಗಿತು. ಎಂಜಿನ್ ಸತ್ತಿತು.
ನೀರು ಇಷ್ಟು ಸುಮ್ಮನಿರತೈತೇನು!
ಕ್ಲಿಪ್ಪು ಕೆಲಸ ಮಾಡ್ತಲ್ಲ ಅಂತ
ಮೂಗಿನ್ಯಾಗ ನೀರು ಹೊಕ್ಕರೂ ಖುಷಿಯಾತು.

ಪರಸಪ್ಪ ಬೈದದ್ದು ಬರಿಯೂದಿಲ್ಲ.
ಹೊತ್ತು ಮುಳಗೂತನಕ ಇಬ್ಬರೂ ದಂಡಿಗೆ ಕುಂತು
ಇಂಪೆಲ್ಲರಿಗೆ ಸುತ್ತಿದ ನೈಲಾನ್ ತಗದ್ವಿ.
ನನಗ ಪಂಪಿನ ಚಿಂತಿ, ಅವಗ ಬಲಿ ಚಿಂತಿ,
ಚಾಕು ಒಂದ.
"ಕೊಯ್ಯಬ್ಯಾಡೋ, ಬಿಡಸು, ಬಿಡಸು" ಅಂತಾನ.
ಪೈಪಿನೊಳಗಿಂದ ಬೆರಳಷ್ಟು ಜಿಲೇಬಿ ಮೀನೊಂದು
ನಮ್ಮಿಬ್ಬರನ್ನೂ ನೋಡಿ
ಜಿಗದು ಹೋತು.

ಕಲ್ಲಿನ ಮ್ಯಾಲ ಕಸ್ತೂರಿ,
ಒಂದು ಜಡಿಗೆ ರಿಬ್ಬನ್, ಒಂದಕ್ಕಿಲ್ಲ,
ತೊಡಿ ಮ್ಯಾಲ ಪುಸ್ತಕ.
ಏನೂ ಅನ್ನಲಿಲ್ಲ ಹುಡುಗಿ.
ಮುಂದಿನ ಹಾಳ್ಯಾಗ ಏನೈತಿ,
ಓದವ್ವ, ಅಂದೆ.